ಬಾಯಿಗೆ ಬಾರದ ಮಾತುಗಳು

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಸ್ಸು ಮಲವಗೊಪ್ಪದಲ್ಲಿ ನಿಂತಾಗ, ಈ ಕಡೆಗೆ ಹೊಸದಾಗಿ ಬಂದವರು ಊರ ಹೆಸರು ಕೇಳಿ ಮುಸಿನಗುವುದನ್ನು ನಾನು ಕಂಡಿದ್ದೇನೆ. ‘ಗೊಪ್ಪ’ವೆಂದರೆ ‘ಕೊಪ್ಪ’, ಸಣ್ಣ ಹಳ್ಳಿ, ಎಂಬತ್ತ ಅವರ ಗಮನ ಹರಿಯುವುದಿಲ್ಲ. ಕಿವಿ ಮೊದಲೆರಡು ಅಕ್ಷರಗಳಲ್ಲಿಯೇ ನಿಂತುಬಿಡುತ್ತದೆ. ಆ ಎರಡಕ್ಷರದ ಶಬ್ದದ ಚರಿತ್ರೆ ಮಾತ್ರ ನಗೆಯ ವಿಷಯವಲ್ಲ.

ಸಂಸ್ಕೃತದಲ್ಲಿ ‘ಮಲ’ವೆಂದರೆ ಕೊಳೆ. ಶೈವಶಾಸ್ತ್ರವು ಜೀವಕ್ಕಂಟಿದ ಆಣವ, ಮಾಯಾ, ಕಾರ್ಮಿಕವೆಂಬ ಮೂರು ಮಲಗಳನ್ನು ಹೇಳುತ್ತದೆ. ಕನ್ನಡದ್ದೇ ಆದ ಮಾತು ‘ಪೇಲ್’. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಅದು ‘ಹೇಲು’ ಆಯಿತು. ‘ಉಚ್ಚೆ’ಗೆ ತೆಲುಗಿನಲ್ಲಿ ‘ಉಚ್ಚ’ವೆಂಬ ಒಡಹುಟ್ಟು ಉಂಟು. ಇವು ಮನೆಮಾತುಗಳು, ಹುಟ್ಟಿನಲ್ಲಿ ಯಾವ ಕಳಂಕವೂ ಇಲ್ಲದವು.

ಹಸುವಿನ ಸಗಣಿ, ಗಂಜಲ, ಕುದುರೆಯ ಲದ್ದಿ, ಆಡಿನ ಹಿಕ್ಕೆ—ಇವನ್ನು ಯಾರೆದುರಿಗಾದರೂ ಹೇಳಬಹುದು. ಒಂದು ಅಂಗಳ ಸಾರಿಸುತ್ತದೆ, ಇನ್ನೊಂದು ಗದ್ದೆಗೆ ಗೊಬ್ಬರವಾಗುತ್ತದೆ. ಮನುಷ್ಯನದಕ್ಕೆ ಮಾತ್ರ ‘ಬಯಲಿಗೆ ಹೋಗುವುದು’, ‘ಬಹಿರ್ದೆಸೆ’, ‘ಜಲಬಾಧೆ’ ಎಂಬ ಮರೆಗಳು ಬೇಕಾದವು.

ರೋಮನರಲ್ಲಿಯೂ ಹೀಗೆಯೇ. ಬೇಸಾಯದ ಗ್ರಂಥಗಳಲ್ಲಿ ಗೊಬ್ಬರಕ್ಕೆ ‘ಸ್ಟೆರ್ಕುಸ್’. ಬೀದಿಯ ಬಾಯಲ್ಲಿ ‘ಮೆರ್ಡಾ’. ವಸ್ತು ನಾಚಿಕೆಗೇಡಲ್ಲದಿದ್ದರೆ ಅದರ ಹೆಸರು ಹೇಗೆ ನಾಚಿಕೆಗೇಡಾದೀತು ಎಂಬ ಸ್ಟೋಯಿಕರ ವಾದವನ್ನು ಸಿಸೆರೊ ತನ್ನ ಗೆಳೆಯ ಪೈಟಸನಿಗೆ ಬರೆದ ಪತ್ರದಲ್ಲಿ ವಿವರಿಸಿ, ತಾನು ಮಾತ್ರ ಸಂಕೋಚವನ್ನು ಬಿಡಲೊಲ್ಲೆನೆಂದ. ಆದರೂ ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳಲ್ಲಿ ಬಾಳಿ ಬಂದದ್ದು ಬೀದಿಯ ‘ಮೆರ್ಡಾ’ವೇ. ‘ಕಾಕಾರೆ’ ಎಂಬ ಇನ್ನೊಂದು ಲ್ಯಾಟಿನ್ ಮಾತಿನ ಬಳಗದ್ದು ಡಚ್ಚರ ‘ಕಾಕ್‌ಹೌಸ್’. ಆ ವರ್ತಕರು ಬಿಟ್ಟುಹೋದ ಈ ಶಬ್ದವೇ ನಮ್ಮ ‘ಕಕ್ಕಸು’. ಅದು ಪರದೇಶದ್ದೆಂಬುದನ್ನೇ ನಾವು ಮರೆತಿದ್ದೇವೆ.

ಮಾತನ್ನು ಮಡಿ ಮಾಡಿದೆವು. ಹೊರುವವನ ತಲೆಯ ಮೇಲಿನ ಭಾರ ಅದರಿಂದ ಇಳಿಯಲಿಲ್ಲ. 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 1993ರಲ್ಲಿಯೂ 2013ರಲ್ಲಿಯೂ ಕೇಂದ್ರದ ಕಾಯಿದೆಗಳು ಬಂದವು. ಈ ಎರಡರ ನಡುವೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಮನೆಗಳಿಂದ ಒಕ್ಕಲೆಬ್ಬಿಸುವುದರ ವಿರುದ್ಧ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ನಾವು ಉಚ್ಚರಿಸಲು ಹೇಸಿದ್ದನ್ನು ಅವರು ತಮ್ಮ ದೇಹದಿಂದ ನುಡಿದರು.

ಆ ಸುದ್ದಿ ಓದಿದ ದಿನ ನನ್ನ ತರಗತಿಗಳು ನೆನಪಾದವು. ಪಕಾರ ಹಕಾರವಾದದ್ದನ್ನು ವರ್ಷವರ್ಷವೂ ಪಾಠ ಹೇಳಿದವನು ನಾನು. ಹಾಲು, ಹೂವು, ಹುಲಿ, ಹಾವು—ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಬರೆದೆ. ಹೇಲನ್ನು ಒಮ್ಮೆಯೂ ಬರೆಯಲಿಲ್ಲ. ಎದುರು ಕುಳಿತ ಹುಡುಗರಲ್ಲಿ ಯಾರ ಮನೆಯವರಾದರೂ ಅದನ್ನು ಹೊತ್ತು ಬದುಕುತ್ತಿದ್ದಿರಬಹುದೆಂದು ನನಗೆ ಆಗ ಹೊಳೆಯಲೇ ಇಲ್ಲ. ನಾಲಿಗೆಯ ಶುಚಿತ್ವವನ್ನು ಸಂಸ್ಕಾರವೆಂದುಕೊಂಡಿದ್ದೆ. ಕಣ್ಣು ಮುಚ್ಚಿಕೊಳ್ಳಲು ಅದೂ ಒಂದು ದಾರಿಯೆಂದು ಈಗ ತಿಳಿಯುತ್ತಿದೆ.