ಜನಸಮೂಹ ಮತ್ತು ಕಾವಲುಗಾರರು: ಚರಿತ್ರೆಯ ಎರಡು ಪಾಠಗಳು

ಕ್ರಿ.ಶ. 1300ರಲ್ಲಿ ಜಗದ್ಗುರು ಎಂಟನೆಯ ಬೋನಿಫಾಸರು ಮೊದಲ ಜುಬಿಲಿ ವರ್ಷವನ್ನು ಘೋಷಿಸಿದಾಗ ಯುರೋಪಿನ ಮೂಲೆಮೂಲೆಗಳಿಂದ ಯಾತ್ರಿಕರು ರೋಮ್ ನಗರಕ್ಕೆ ಹರಿದುಬಂದರು. ಟೈಬರ್ ನದಿಯ ಸಂತ ಏಂಜೆಲೊ ಸೇತುವೆಯ ಮೇಲೆ ಹೋಗುವವರಿಗೆ ಒಂದು ಬದಿ, ಬರುವವರಿಗೆ ಇನ್ನೊಂದು ಬದಿ ಎಂದು ವಿಂಗಡಿಸಲಾಗಿತ್ತು. ಮಹಾಕವಿ ಡಾಂಟೆ ತನ್ನ ಕಾವ್ಯದ ನರಕಖಂಡದಲ್ಲಿ ಈ ಏರ್ಪಾಡನ್ನು ಸ್ಮರಿಸಿದ್ದಾನೆ.

ನೂರೈವತ್ತು ವರ್ಷಗಳ ತರುವಾಯ, 1450ರ ಜುಬಿಲಿಯಲ್ಲಿ, ಅದೇ ಸೇತುವೆ ಮೃತ್ಯುಸ್ಥಾನವಾಯಿತು. ಡಿಸೆಂಬರ್ 19ರಂದು ಸಂತ ಪೇತ್ರರ ಮಹಾದೇವಾಲಯದಿಂದ ಹಿಂದಿರುಗುತ್ತಿದ್ದ ಜನಪ್ರವಾಹ ಅಲ್ಲಿ ಸಿಲುಕಿಕೊಂಡಿತು. ಕಾಲ್ತುಳಿತಕ್ಕೆ ಸಿಕ್ಕಿಯೂ ನದಿಗೆ ಬಿದ್ದೂ ಸುಮಾರು 200 ಮಂದಿ ಅಸುನೀಗಿದರು. ಆಗ ಜಗದ್ಗುರು ಐದನೆಯ ನಿಕೊಲಾಸರು ಮಾಡಿದ್ದೇನು? ಸೇತುವೆಯ ಬಾಯಿಗೆ ಒತ್ತಿಕೊಂಡಿದ್ದ ಮನೆಗಳನ್ನು ತೆಗೆಸಿ ದಾರಿಯನ್ನು ಅಗಲಗೊಳಿಸಿದರು. ಮಡಿದವರ ನೆನಪಿಗೆ ಎರಡು ಪುಟ್ಟ ಪ್ರಾರ್ಥನಾಲಯಗಳನ್ನು ಕಟ್ಟಿಸಿದರು. ದಾರಿಯನ್ನು ತಿದ್ದಿದರು, ಸತ್ತವರನ್ನು ಗೌರವಿಸಿದರು.

ನಮ್ಮ ಕಾಲದ ಇನ್ನೊಂದು ಘಟನೆ ಇದಕ್ಕೆ ವ್ಯತಿರಿಕ್ತವಾದುದು. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್ ನಗರದ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ಪಂದ್ಯ. ಪ್ರೇಕ್ಷಕರು ಮೈದಾನಕ್ಕೆ ನುಗ್ಗಬಾರದೆಂದು ಎತ್ತರದ ಕಬ್ಬಿಣದ ಬೇಲಿಗಳನ್ನು ಹಾಕಲಾಗಿತ್ತು. ಹೊರಗೆ ನೂಕುನುಗ್ಗಲು ಹೆಚ್ಚಿದಾಗ ಪೊಲೀಸರು ಒಂದು ದೊಡ್ಡ ಬಾಗಿಲನ್ನು ತೆರೆಯಿಸಿದರು. ಆದರೆ ಈಗಾಗಲೇ ಕಿಕ್ಕಿರಿದಿದ್ದ ನಡುವಣ ಕಟ್ಟೆಗಳಿಗೆ ಹೋಗುವ ಸುರಂಗಮಾರ್ಗವನ್ನು ಮುಚ್ಚಿಸಲಿಲ್ಲ. ಉಸಿರು ಕಟ್ಟಿ ಬೇಲಿ ಹತ್ತಿದವರನ್ನು ಕಾವಲುಗಾರರು ಮೊದಲು ದಾಂಧಲೆಕೋರರೆಂದೇ ಭಾವಿಸಿದರು. ಒಟ್ಟು 97 ಮಂದಿ ಪ್ರಾಣ ತೆತ್ತರು. ಅವರಲ್ಲಿ ಕೊನೆಯವರು ಅಂದಿನ ಗಾಯಗಳ ಪರಿಣಾಮದಿಂದ 2021ರಲ್ಲಿ ಮೃತರಾದರು.

ಸಾವಿಗಿಂತ ಕಹಿಯಾದುದು ಆಮೇಲಿನ ಸುಳ್ಳು. ಬಾಗಿಲನ್ನು ಪ್ರೇಕ್ಷಕರೇ ಬಲವಂತವಾಗಿ ತೆರೆದರೆಂದು ಪೊಲೀಸ್ ಅಧಿಕಾರಿಯೇ ಹೇಳಿದರು. ಮಕ್ಕಳನ್ನು ಕಳೆದುಕೊಂಡ ತಾಯ್ತಂದೆಯರು ಈ ಕಳಂಕವನ್ನೂ ಹೊರಬೇಕಾಯಿತು. ಲಿವರ್‌ಪೂಲಿನ ಆಂಗ್ಲಿಕನ್ ಧರ್ಮಾಧ್ಯಕ್ಷ ಜೇಮ್ಸ್ ಜೋನ್ಸ್ ಅವರ ನೇತೃತ್ವದ ಸ್ವತಂತ್ರ ಸಮಿತಿಯು 2012ರಲ್ಲಿ ಪೊಲೀಸ್ ಹೇಳಿಕೆಗಳನ್ನು ತಿದ್ದಲಾಗಿತ್ತೆಂಬುದನ್ನು ಬಯಲಿಗೆ ತಂದಿತು. 2016ರಲ್ಲಿ, ಅಂದರೆ 27 ವರ್ಷಗಳ ಬಳಿಕ, ಪ್ರೇಕ್ಷಕರು ನಿರ್ದೋಷಿಗಳೆಂದು ವಿಚಾರಣಾ ಮಂಡಳಿ ತೀರ್ಮಾನಿಸಿತು.

ಬೇಲಿ ಎಡವಿಸುವುದಕ್ಕೆ ಮುನ್ನ ದೃಷ್ಟಿ ಎಡವಿತ್ತು. ಜನರನ್ನು ಅಪಾಯವೆಂದು ಕಂಡವನಿಗೆ ಅವರು ಅಪಾಯದಲ್ಲಿರುವುದು ಕಾಣುವುದಿಲ್ಲ.

2025ರ ಜೂನ್ 4ರಂದು ಬೆಂಗಳೂರಿನ ಕ್ರಿಕೆಟ್ ಕ್ರೀಡಾಂಗಣದ ಹೊರಗೆ 11 ಮಂದಿ ಮಡಿದುದನ್ನು ಕಂಡ ನಮಗೆ ಇದು ದೂರದ ಕಥೆಯಲ್ಲ. ನಮ್ಮ ಧರ್ಮಕೇಂದ್ರಗಳ ಹಬ್ಬಗಳಲ್ಲೂ ತೇರಿನ ಮೆರವಣಿಗೆಗಳಲ್ಲೂ ಹಗ್ಗ ಹಿಡಿದು ನಿಲ್ಲುವವರು ನಮ್ಮ ಯುವಕರೇ. ಅವರು ಗದರಿಸಿದರೆ ನಾವು ಸಿಡುಕುತ್ತೇವೆ. ನಾವು ನುಗ್ಗಿದರೆ ಅವರು ತಾಳ್ಮೆಗೆಡುತ್ತಾರೆ. ಜನರು ತನ್ನ ಮೇಲೆ ಬೀಳದಂತೆ ದೋಣಿಯೊಂದನ್ನು ಸಿದ್ಧವಾಗಿಡಲು ಪ್ರಭು ಯೇಸು ಶಿಷ್ಯರಿಗೆ ಹೇಳಿದರೆಂದು ಶುಭಸಂದೇಶಕಾರ ಮಾರ್ಕ ಬರೆಯುತ್ತಾನೆ. ಅವರು ಜನರನ್ನು ಅಟ್ಟಲಿಲ್ಲ, ಬೋಧನೆಯನ್ನು ನಿಲ್ಲಿಸಲೂ ಇಲ್ಲ, ಮುಂಜಾಗ್ರತೆ ವಹಿಸಿದರು. ಹಗ್ಗ ಹಿಡಿಯುವ ಕೈಗೆ ಈ ಕಾಳಜಿಯಿರಲಿ, ಸಾಲಿನಲ್ಲಿ ನಿಂತವರಿಗೆ ಆ ಕೈಯ ಮೇಲೆ ಭರವಸೆಯಿರಲಿ.