ಪದ ಪರಿಚಯ: ಗೆಲವು

‘ಗೆಲವು’ ಅಂದಕೂಡಲೇ ಇಂದಿನ ಮಕ್ಕಳಿಗೆ ನೆನಪಾಗುವುದು ಕ್ರಿಕೆಟ್, ಇಲ್ಲವೇ ಚುನಾವಣೆ. ಹಿರಿಯರ ಮಾತಿನಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವುಂಟು: ಮುಖದಲ್ಲಿ, ನಡೆಯಲ್ಲಿ ಎದ್ದು ಕಾಣುವ ಲವಲವಿಕೆ. “ಯಾಕವ್ವಾ, ಮಾರಿ ಗೆಲವಿಲ್ಲಲ್ಲ?” “ಕೂಸು ನಿನ್ನಿಗಿಂತ ಇವತ್ತ ಗೆಲವದ.” ಇಲ್ಲಿ ಯಾರೂ ಯಾರನ್ನೂ ಸೋಲಿಸಿಲ್ಲ. ಕನ್ನಡ ನಿಘಂಟುಗಳು ಜಯ, ಉಲ್ಲಾಸ ಎರಡೂ ಅರ್ಥ ಕೊಡುತ್ತವೆ. ಬರಹದಲ್ಲಿ ‘ಗೆಲುವು’ ಎಂಬ ರೂಪವೂ ಇದೆ.

ಪದದ ಬೇರು ‘ಗೆಲ್’ ಎಂಬ ಹಳಗನ್ನಡ ಧಾತು. ವಿಜಯಸ್ತಂಭಕ್ಕೆ ‘ಗೆಲ್ಗಂಬ’ ಎನ್ನುತ್ತಿದ್ದುದೂ ಇದರಿಂದಲೇ. ನಲಿ–ನಲಿವು, ಉಳಿ–ಉಳಿವು ಆದಂತೆ ಇಲ್ಲಿಯೂ ‘ವು’ ಸೇರಿ ನಾಮಪದವಾಯಿತು. ಸೊಲ್ಲಾಪುರದ ನೇಕಾರ ಪದ್ಮಶಾಲಿ ಬಂಧುಗಳ ತೆಲುಗಿನಲ್ಲಿ ‘ಗೆಲುಪು’ ಇದೆ. ಅದು ಇದರ ಸೋದರ ಪದ. ಅಲ್ಲಿ ಮುಖ್ಯವಾಗಿ ಜಯವೆಂಬ ಅರ್ಥ.

ಜಯದಿಂದ ಉಲ್ಲಾಸಕ್ಕೆ ಅರ್ಥ ಹೇಗೆ ಬಂತು? ಗೆದ್ದವನ ಮುಖ ಅರಳುತ್ತದೆ ಎಂಬುದು ಸುಲಭದ ಉತ್ತರ. ನನಗೆ ಅದಕ್ಕಿಂತ ಒಪ್ಪಿಗೆಯಾಗುವುದು ಇದರ ಎದುರು ಪದ ‘ಸೋಲು’ ಹೇಳುವ ಕಥೆ. ದಿನವಿಡೀ ಹೊಲದಲ್ಲಿ ದುಡಿದವರು “ಕಾಲು ಸೋತವು, ಕೈ ಸೋತವು” ಎನ್ನುತ್ತಾರೆ. ದಣಿವು ಸೋಲಾದರೆ, ದಣಿವಿಗೂ ಬೇನೆಗೂ ಮಣಿಯದ ದೇಹಸ್ಥಿತಿ ಗೆಲವು. ಹಾಗಾಗಿಯೇ ಈ ಪದ ಮನುಷ್ಯರಿಗಷ್ಟೇ ಮೀಸಲಲ್ಲ. ಬಾಡಿದ್ದ ಹಿಂಗಾರಿ ಜೋಳ ಒಂದು ಮಳೆ ಬಿದ್ದ ಮೇಲೆ ತಲೆಯೆತ್ತಿದರೆ “ಬೆಳಿ ಗೆಲವಾತು” ಅನ್ನಬಹುದು. “ಬೆಳಿ ಖುಷಿಯಾತು” ಅನ್ನಲಾಗದು.

ಖುಷಿ ಪಾರಸಿಯಿಂದ ಬಂದದ್ದು, ಈಗ ಎಲ್ಲ ಕಡೆಯೂ ಅದೇ. ಹುರುಪು ಮರಾಠಿಯಲ್ಲೂ ‘ಹುರೂಪ್’ ಎಂದಿದೆ. ಅದು ಕೆಲಸಕ್ಕೆ ಮುನ್ನುಗ್ಗುವ ಉತ್ಸಾಹ. ಹಿಗ್ಗು ಅಂದರೆ ಉಬ್ಬುವುದು: ಮಗನಿಗೆ ನೌಕರಿ ಸಿಕ್ಕಾಗ ಹಿಗ್ಗುತ್ತೇವೆ, ಆಮೇಲೆ ಅದು ಇಳಿಯುತ್ತದೆ. ಗೆಲವಿಗೆ ಕಾರಣವೇ ಬೇಕಿಲ್ಲ, ಸದ್ದೂ ಇಲ್ಲ.

ನಮ್ಮ ಗಡಿಭಾಗದಲ್ಲಿ ಈ ಪದ ತಿಳಿದಿರುವುದು ಒಂದು ಕಡೆ ನಿಜವಾಗಿ ಕೆಲಸಕ್ಕೆ ಬರುತ್ತದೆ. ಅಜ್ಜಿಯನ್ನು ದವಾಖಾನೆಗೆ ಕರೆದೊಯ್ದಾಗ ಮರಾಠಿಯಲ್ಲಿ ಹೇಳುವವರು ಮೊಮ್ಮಕ್ಕಳು. “ಎರಡ ದಿನ ಆತು, ಗೆಲವಿಲ್ಲ” ಎಂದು ಅಜ್ಜಿ ಅಂದರೆ ಅದು ಬೇಸರದ ಮಾತಲ್ಲ, ರೋಗಲಕ್ಷಣ. ಅದನ್ನು “ಖುಷ್ ನಾಹೀ” ಎಂದು ಹೇಳಿದರೆ ಡಾಕ್ಟರು ಮನೆಯ ಜಗಳ ಅಂದುಕೊಂಡಾರು. ಸರಿಯಾದ ಮರಾಠಿ ಪದ ‘ಮರಗಳ’, ಅಂದರೆ ಮೈ ಜಡವಾಗಿ ಕುಗ್ಗುವುದು. (ಕನ್ನಡದ ಕಿವಿಗೆ ಅದು ಗಿಡಮರದ ಮಾತಿನಂತೆ ಕೇಳಿಸೀತು!)

ಇನ್ನೊಂದು ಮಾತು. ನಾವು ದಿನಾ ಓಡಾಡುವ ವಿಜಾಪುರ ರಸ್ತೆಯ ಹೆಸರಿನಲ್ಲೂ ಇದೇ ಅರ್ಥ ಅಡಗಿದೆ. ಆ ಊರಿನ ಹಳೆಯ ಹೆಸರು ವಿಜಯಪುರ. 2014ರ ನವೆಂಬರ್ 1ರಿಂದ ಕರ್ನಾಟಕದಲ್ಲಿ ಅಧಿಕೃತವಾಗಿಯೂ ಅದೇ. ವಿಜಯ ಸಂಸ್ಕೃತ, ಅದರ ಅಚ್ಚಗನ್ನಡ ಗೆಲವು. ಆದರೆ “ಕೂಸು ವಿಜಯವಾಗಿದೆ” ಅಂತ ಯಾವ ತಾಯಿಯೂ ಅನ್ನಲಿಲ್ಲ.

ನಿಮ್ಮ ಮನೆಯ ಹಿರಿಯರು ‘ಗೆಲವು’ ಬಳಸಿ ಆಡುವ ಮಾತುಗಳಿದ್ದರೆ, ಆಡಿದ ಹಾಗೆಯೇ ಬರೆದು, ಊರಿನ ಹೆಸರಿನೊಂದಿಗೆ ಸಂಘಕ್ಕೆ ಕಳಿಸಿಕೊಡಿ.