ಅಗಸ್ತ್ಯಕೂಟದ ಕಾಡುದಾರಿ

ತಿರುವನಂತಪುರದಿಂದ ಬೆಟ್ಟದ ಕಡೆ ಹೊರಟರೆ ಬೋಣಕ್ಕಾಡಿನ ಚಹಾ ತೋಟದ ಆಚೆ ಕಾಲ್ನಡಿಗೆಯೇ ಗತಿ. ಮೊದಲ ದಿನ ಹೊಳೆ ದಾಟಿ, ಹುಲ್ಲುಗುಡ್ಡ ಹತ್ತಿ, ಆನೆ ಲದ್ದಿ ಹಸಿಯೋ ಒಣಗಿದೆಯೋ ನೋಡಿಕೊಳ್ಳುತ್ತ ಅತಿರುಮಲೆಯ ಶಿಬಿರ ಸೇರಬೇಕು. ಮರುದಿನ ಶಿಖರ. ಕೊನೆಯ ಕಡಿದಾದ ಬಂಡೆಗಳಲ್ಲಿ ಹಗ್ಗ ಬಿಟ್ಟರೆ ಬೇರೆ ಆಸರೆಯಿಲ್ಲ. 1,868 ಮೀಟರ್ ಎತ್ತರದ ನೆತ್ತಿಯ ಮೇಲೆ ಅಗಸ್ತ್ಯ ಮುನಿಯ ವಿಗ್ರಹವಿದೆ.

ಬಾದಾಮಿಯಲ್ಲಿ ವಾತಾಪಿಯನ್ನು ಜೀರ್ಣಿಸಿಕೊಂಡನೆಂದೂ ತಲಕಾವೇರಿಯಲ್ಲಿ ಕಾವೇರಿಯನ್ನು ಕಮಂಡಲದಲ್ಲಿ ಇಟ್ಟುಕೊಂಡನೆಂದೂ ನಾವು ಕೇಳಿರುವ ಮುನಿ ಕೊನೆಗೆ ನೆಲೆನಿಂತದ್ದು ಕೇರಳ–ತಮಿಳುನಾಡು ಗಡಿಯ ಈ ಬೆಟ್ಟದಲ್ಲಿ ಎಂಬುದು ನಂಬಿಕೆ. ತಮಿಳರಿಗೆ ಇದು ಪೊದಿಗೈ, ತಾಮ್ರಪರ್ಣಿ ಹುಟ್ಟುವ ಸೀಮೆ. ಬೌದ್ಧರಿಗೂ ಇದರ ಮೇಲೆ ಹಕ್ಕಿರಬಹುದು. 7ನೇ ಶತಮಾನದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ದಕ್ಷಿಣ ಭಾರತದ ದುರ್ಗಮ ಪೋತಲಕ ಪರ್ವತವನ್ನು ಬೋಧಿಸತ್ವ ಅವಲೋಕಿತೇಶ್ವರನ ನೆಲೆಯೆಂದು ವರ್ಣಿಸಿದ್ದಾನೆ. ಅದು ಪೊದಿಗೈಯೇ ಎಂದು ಕೆಲವು ವಿದ್ವಾಂಸರ ವಾದ. ಲ್ಹಾಸಾದ ಪೋತಲ ಅರಮನೆಗೆ ಹೆಸರು ಬಂದದ್ದು ಆ ಪರ್ವತದಿಂದ.

ಪುರಾಣ ಏನೇ ಇರಲಿ, ಕಾಡಿನ ಒಳದಾರಿ ಗೊತ್ತಿದ್ದದ್ದು ಇಲ್ಲಿನ ಕಾಣಿ ಬುಡಕಟ್ಟಿನವರಿಗೆ. ಅಗಸ್ತ್ಯ ಅವರ ಕುಲದೈವ. ಬೆಟ್ಟ ಹತ್ತಿ ಹೆಸರು ಮಾಡಿದವರು ಮಾತ್ರ ಬಹುಮಟ್ಟಿಗೆ ಹೊರಗಿನವರು.

ಅವರಲ್ಲಿ ವಿಚಿತ್ರ ಯಾತ್ರಿಕನೆಂದರೆ ಜಾನ್ ಅಲನ್ ಬ್ರೌನ್. ಈ ಸ್ಕಾಟ್ಲೆಂಡಿನ ವಿಜ್ಞಾನಿ 1852ರಲ್ಲಿ ತಿರುವಾಂಕೂರು ಮಹಾರಾಜರ ವೀಕ್ಷಣಾಲಯದ ನಿರ್ದೇಶಕನಾಗಿ ಬಂದ. ಭೂಕಾಂತತ್ವದ ಹುಚ್ಚು ಹಿಡಿದ ಮನುಷ್ಯ. ಅಯಸ್ಕಾಂತದ ಸೂಜಿ ದಿನವಿಡೀ ಕೂದಲೆಳೆಯಷ್ಟು ಅತ್ತಿತ್ತ ಸರಿಯುತ್ತಿರುತ್ತದೆ. ಸಮುದ್ರದ ಹತ್ತಿರ ಕಾಣುವ ಈ ಚಲನೆ ಆರು ಸಾವಿರ ಅಡಿ ಮೇಲೆಯೂ ಹಾಗೆಯೇ ಇರುತ್ತದೆಯೇ? ಉತ್ತರ ಬೇಕಿದ್ದರೆ ಎರಡೂ ಕಡೆ ಏಕಕಾಲಕ್ಕೆ ಅಳೆಯಬೇಕು. ಹಾಗಾಗಿ 1855ರಲ್ಲಿ ಆತ ಅಗಸ್ತ್ಯನ ಶಿಖರದಲ್ಲೇ ಒಂದು ವೀಕ್ಷಣಾಲಯ ಕಟ್ಟಿಸಿದ! ಆನೆಗಳ ಕಾಡಿನ ನಡುವೆ ದಾರಿ ಸವರಿ, ಸಾಮಾನು ಸಾಗಿಸಿ, ಮಂಜು-ಗಾಳಿಯಲ್ಲಿ ಉಪಕರಣ ನಿಲ್ಲಿಸಿ, ಅಳತೆ ಬರೆದುಕೊಳ್ಳಲು ಅಲ್ಲಿ ಜನ ಇರಿಸುವುದೆಂದರೆ ಸಣ್ಣ ಮಾತಲ್ಲ. ತಿರುವನಂತಪುರದ ಮತ್ತು ಶಿಖರದ ಅಳತೆಗಳೆರಡೂ 1874ರಲ್ಲಿ ದಪ್ಪ ಗ್ರಂಥವಾಗಿ ಅಚ್ಚಾದವು. ಬ್ರೌನನ ಹೆಸರು ವಿಜ್ಞಾನದ ಚರಿತ್ರೆಗೆ ಸೇರಿತು. ಹೊರೆ ಹೊತ್ತು ಬೆಟ್ಟ ಹತ್ತಿದ ಕೂಲಿಗಳ ಹೆಸರು ಸೇರಲಿಲ್ಲ.

1987ರ ಡಿಸೆಂಬರಿನಲ್ಲಿ ಪಿ. ಪುಷ್ಪಾಂಗದನ್ ನೇತೃತ್ವದ ಸಸ್ಯವಿಜ್ಞಾನಿಗಳ ತಂಡ ಈ ಕಾಡಿಗೆ ಬಂತು. ನಡೆದು ನಡೆದು ವಿಜ್ಞಾನಿಗಳು ಸುಸ್ತಾದರು; ದಾರಿ ತೋರಿಸಲು ಬಂದಿದ್ದ ಕಾಣಿಗಳು ಯಾವುದೋ ಸಣ್ಣ ಕಾಯಿ ಜಗಿಯುತ್ತ ಹುರುಪಿನಿಂದ ಮುಂದೆ ನಡೆಯುತ್ತಿದ್ದರು. ಕೊಟ್ಟದ್ದನ್ನು ಇವರೂ ಬಾಯಿಗೆ ಹಾಕಿಕೊಂಡರು, ಕಾಲಿಗೆ ಬಲ ಬಂತು. ಯಾವ ಗಿಡದ್ದೆಂದು ಕೇಳಿದರೆ ಕುಲದ ಗುಟ್ಟು, ಹೇಳುವಂತಿಲ್ಲ ಎಂಬ ಉತ್ತರ. ಬಹಳ ಒತ್ತಾಯದ ಮೇಲೆ ಗುಟ್ಟು ರಟ್ಟಾಯಿತು: ಆರೋಗ್ಯಪಚ್ಚ, ಕಾಡಿನ ನೆರಳಲ್ಲಿ ನೆಲದ ಹತ್ತಿರವೇ ಬೆಳೆಯುವ ಗಿಡ. ಪಾಲೋಡಿನ ಉಷ್ಣವಲಯ ಸಸ್ಯೋದ್ಯಾನ ಸಂಸ್ಥೆ ಅದರಿಂದ 'ಜೀವನಿ' ಎಂಬ ಔಷಧ ತಯಾರಿಸಿ, ತಯಾರಿಕೆಯ ಹಕ್ಕನ್ನು ಕೊಯಮತ್ತೂರಿನ ಆರ್ಯವೈದ್ಯ ಫಾರ್ಮಸಿಗೆ 10 ಲಕ್ಷ ರೂಪಾಯಿಗೂ ಮಾರಾಟದ ಮೇಲೆ ಶೇ. 2 ರಾಯಧನಕ್ಕೂ ಕೊಟ್ಟಿತು. ಬಂದದ್ದರಲ್ಲಿ ಅರ್ಧ ಕಾಣಿಗಳಿಗೆ. ಹಣ ಪಡೆಯಲು 1997ರಲ್ಲಿ ಅವರದೇ ಟ್ರಸ್ಟ್ ನೋಂದಣಿಯಾಯಿತು.

ಲಾಭ ಹಂಚಿಕೆಯ ಮಾದರಿಯೆಂದು ಜಗತ್ತು ಇದನ್ನು ಹೊಗಳಿತು. ಊರೊಳಗೆ ಚಿತ್ರ ಬೇರೆ. ಗುಟ್ಟು ಕಾಯಬೇಕಾದವರು ತಾವು ಎಂದಿದ್ದ ಪ್ಲಾತಿಗಳು, ಅಂದರೆ ಕುಲದ ವೈದ್ಯರು, ಕೆಲವರು ಮುನಿದರು. ಬೇರೆ ಊರುಗಳ ಕಾಣಿಗಳು ತಮ್ಮನ್ನು ಯಾರೂ ಕೇಳಲಿಲ್ಲ ಎಂದರು. ಗಿಡ ಬೆಳೆದು ಮಾರಹೊರಟವರಿಗೆ ಅರಣ್ಯ ಇಲಾಖೆಯೇ ಅಡ್ಡಬಂತು. ಹೊಗಳಿಕೆಯಷ್ಟು ಲಾಭ ಗುಡಿಸಲು ತಲುಪಲಿಲ್ಲ.

ಮುಂದಿನ ಜಗಳ ಯಾರು ಹತ್ತಬಹುದು ಎಂಬುದರದ್ದು. ಅಗಸ್ತ್ಯ ಬ್ರಹ್ಮಚಾರಿ, ಹೆಂಗಸರು ಶಿಖರಕ್ಕೆ ಬರಬಾರದು ಎಂದು ಕಾಣಿಗಳ ವಾದ. (ಕೊಡಗಿನವರು ಒಪ್ಪಲಿಕ್ಕಿಲ್ಲ, ಅವರ ಕಥೆಯಲ್ಲಿ ಆತ ಕಾವೇರಿಯ ಗಂಡ. ಪುರಾಣಗಳಲ್ಲಿ ಹೆಂಡತಿ ಲೋಪಾಮುದ್ರೆಯೂ ಇದ್ದಾಳೆ.) ಅರಣ್ಯ ಇಲಾಖೆಯೂ ಮಹಿಳೆಯರಿಗೆ ಪರವಾನಗಿ ಕೊಡುತ್ತಿರಲಿಲ್ಲ. 2018ರ ನವೆಂಬರಿನಲ್ಲಿ ಕೇರಳ ಹೈಕೋರ್ಟ್ ಆ ತಾರತಮ್ಯ ಸಲ್ಲದೆಂದಿತು. 2019ರ ಜನವರಿ 14ರಂದು ರಕ್ಷಣಾ ಇಲಾಖೆಯ ವಕ್ತಾರೆ ಧನ್ಯಾ ಸನಲ್ ಗಂಡಸರ ದೊಡ್ಡ ಗುಂಪಿನ ನಡುವೆ ಒಬ್ಬರೇ ಮಹಿಳೆಯಾಗಿ ಬೋಣಕ್ಕಾಡಿನಿಂದ ಹೊರಟರು. ಕಾಣಿ ಹೆಂಗಸರೂ ಗಂಡಸರೂ ಪ್ರತಿಭಟಿಸಿದರು, ಆದರೆ ದಾರಿ ತಡೆಯಲಿಲ್ಲ.